ಕತ್ತಲೆಯಮ್ಮನ ಚಂದ್ರಗ್ರಹಣ

ದೀಪ ಹಚ್ಚುವುದು ಯಾರಿಗಾದರೂ ಬರುತ್ತದೆ. ಗುಂಡಿ ಒತ್ತಿದರೆ ಹತ್ತುತ್ತದೆ, ಅದರಲ್ಲೇನು ದೊಡ್ಡಸ್ತಿಕೆ? ತುಂಬಿದ ರಂಗಮಂದಿರದಲ್ಲಿ ಕೆಮ್ಮುವವರು ಕೆಮ್ಮುತ್ತ, ಕುರ್ಚಿ ಕಿರುಗುಟ್ಟಿಸುವವರು ಕಿರುಗುಟ್ಟಿಸುತ್ತ ಇರುವಾಗ, ಒಬ್ಬರಿಗೂ ಗೊತ್ತಾಗದ ಹಾಗೆ ಕತ್ತಲೆಯನ್ನು ಮೆಲ್ಲಗೆ ಕರೆತಂದು ಎಲ್ಲರ ಮಗ್ಗುಲಲ್ಲಿ ಕೂರಿಸುವುದಿದೆಯಲ್ಲ, ಅದು ಕೆಲಸ. ಆ ಊರಿನಲ್ಲಿ ಅದು ಬರುತ್ತಿದ್ದದ್ದು ಒಬ್ಬರಿಗೇ. ಅದಕ್ಕೇ ಅವರಿಗೆ ಕತ್ತಲೆಯಮ್ಮ ಎಂಬ ಹೆಸರು ಬಿತ್ತು. ಮೊದಮೊದಲು ಜನ ಬೆನ್ನ ಹಿಂದೆ ಹಾಗೆ ಕರೆಯುತ್ತಿದ್ದರು. ಅವರೇ ಒಮ್ಮೆ ಕೇಳಿಸಿಕೊಂಡು, "ಪರವಾಗಿಲ್ಲ ಕಣ್ರೋ, ಬೆಳಕಮ್ಮ ಅಂದಿದ್ರೆ ಬೇಜಾರಾಗ್ತಿತ್ತು" ಅಂದ ಮೇಲೆ ಎದುರಿಗೇ ಕರೆಯತೊಡಗಿದರು.

ಅವರ ಸೊಸೆ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಮದುವೆಗೆ ಮುಂಚೆ ಅವಳು ಆ ರಂಗಮಂದಿರದಲ್ಲಿ ಒಂದು ನಾಟಕ ನೋಡಿದ್ದಳು. ಕಥೆ ಏನೆಂದು ಈಗ ಕೇಳಿದರೆ ತಡವರಿಸುತ್ತಾಳೆ. ಆದರೆ ಕೊನೆಯಲ್ಲಿ ಒಂದು ಬೆಳಗು ಆಗುತ್ತದೆ. ಕಿಟಕಿಯ ಚೌಕಟ್ಟಿನ ಮೇಲೆ ಮೊದಲು ಬೂದು, ಆಮೇಲೆ ಅದಕ್ಕೆ ಹೆಸರೇ ಇಲ್ಲದ ಒಂದು ಬಣ್ಣ, ಆಮೇಲೆ ಮೇಜಿನ ಮೇಲಿನ ಲೋಟದ ಅಂಚಿಗೆ ಒಂದೇ ಒಂದು ಗೆರೆ ಬಿಸಿಲು. ಅಷ್ಟಕ್ಕೇ ಅವಳಿಗೆ ಅಳು ಬಂದುಬಿಟ್ಟಿತ್ತು. ಮುಂದೆ ಹುಡುಗನ ಮನೆಗೆ ಹೋದಾಗ, ಬಾಗಿಲು ತೆಗೆದ ಹೆಂಗಸು ಆ ಬೆಳಗನ್ನು ಮಾಡಿದವರೇ ಎಂದು ತಿಳಿದು ಹುಡುಗನ ಮುಖವನ್ನೂ ಸರಿಯಾಗಿ ನೋಡಲಿಲ್ಲ. "ನೀನು ಒಪ್ಪಿದ್ದು ನನ್ನನ್ನಲ್ಲ, ನಮ್ಮಮ್ಮನ್ನ" ಎಂದು ಗಂಡ ಈಗಲೂ ಹಂಗಿಸುತ್ತಾನೆ. ಅವನು ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಅಡುಗೆಯವನು. ಉಪ್ಪು ಹೆಚ್ಚಾಯಿತು ಎಂದು ಯಾರು ಏನೇ ಅಂದರೂ ನಕ್ಕುಬಿಡುವ ಜಾತಿ. ಅವನ ಮಾತಿಗೆ ಅವಳು ಇಲ್ಲ ಎಂದು ಒಮ್ಮೆಯೂ ಹೇಳಿಲ್ಲ.

ಮುಂದಿನ ಹುಣ್ಣಿಮೆಗೆ ಪೂರ್ಣ ಚಂದ್ರಗ್ರಹಣ ಎಂಬ ಸುದ್ದಿ ಬಂದಾಗ ರಂಗಮಂದಿರದ ಮ್ಯಾನೇಜರು ಅತ್ತೆ ಸೊಸೆ ಇಬ್ಬರನ್ನೂ ಕೂರಿಸಿಕೊಂಡು ಮಾತಾಡಿದರು. ಗ್ರಹಣದ ದಿನ ಮಧ್ಯಾಹ್ನ ಶಾಲೆಯ ಮಕ್ಕಳಿಗೆಲ್ಲ ಒಂದು ಆಟ ತೋರಿಸಬೇಕು. ಗ್ರಹಣ ಹೇಗೆ ಆಗುತ್ತದೆ ಎಂದು ಮಾತಿನಲ್ಲಿ ಸೊಸೆ ಹೇಳಬೇಕು, ಬೆಳಕಿನಲ್ಲಿ ಅತ್ತೆ ತೋರಿಸಬೇಕು. ಸಂಜೆ ಚಂದ್ರ ಹುಟ್ಟುವಾಗಲೇ ಗ್ರಹಣ ಹಿಡಿದಿರುತ್ತದೆಯಂತೆ; ಆಟ ಮುಗಿಸಿ ಎಲ್ಲರೂ ಮಹಡಿಯ ಮೇಲೆ ಹೋಗಿ ಅಸಲಿಯನ್ನು ನೋಡಬಹುದು.

"ನಕಲಿ ಮಧ್ಯಾಹ್ನ, ಅಸಲಿ ಸಂಜೆ. ಯಾವುದು ಚೆನ್ನಾಗಿತ್ತು ಅಂತ ಮಕ್ಕಳು ಹೇಳಿಬಿಡ್ತಾರೆ" ಎಂದು ಮ್ಯಾನೇಜರು ನಕ್ಕರು.

"ಅಸಲಿಗೆ ತಾಲೀಮು ಇರಲ್ಲ. ನಾವೇ ಗೆಲ್ತೀವಿ" ಎಂದರು ಅತ್ತೆ.

ಮನೆಗೆ ಬಂದವರೇ ಅಡುಗೆಮನೆಯ ಮೇಜಿನ ಮೇಲೆ ಶುರು ಹಚ್ಚಿಕೊಂಡರು. ಟಾರ್ಚು ಸೂರ್ಯ, ಆಲೂಗೆಡ್ಡೆ ಭೂಮಿ, ನಿಂಬೆಹಣ್ಣು ಚಂದ್ರ. ಸೊಸೆ ನಿಂಬೆಹಣ್ಣನ್ನು ಆಲೂಗೆಡ್ಡೆಯ ಹಿಂದೆ ತಂದು, "ನೋಡಿ ಅತ್ತೆ, ಸೂರ್ಯ ಒಂದು ಕಡೆ, ಚಂದ್ರ ಇನ್ನೊಂದು ಕಡೆ, ನಡುವೆ ನಾವು. ನಮ್ಮ ನೆರಳು ಹೋಗಿ ಚಂದ್ರನ ಮೇಲೆ ಬೀಳುತ್ತೆ. ಅಷ್ಟೇ ಗ್ರಹಣ" ಎಂದಳು.

ಅತ್ತೆ ಸೊಂಟದ ಮೇಲೆ ಕೈಯಿಟ್ಟರು. "ಹುಣ್ಣಿಮೆ ಅಂದ್ರೇನೇ ಸೂರ್ಯ ಆ ಕಡೆ, ಚಂದ್ರ ಈ ಕಡೆ ಅಂತ ತಾನೆ? ಹಾಗಾದ್ರೆ ಪ್ರತಿ ಹುಣ್ಣಿಮೆಗೂ ಗ್ರಹಣ ಆಗ್ಬೇಕಲ್ಲ ಟೀಚರಮ್ಮ? ನಾನೇನು ಕುರುಡಿಯಾ, ತಿಂಗಳು ತಿಂಗಳೂ ಬೆಳ್ಳಗಿರೋ ಚಂದ್ರನ್ನ ನೋಡ್ತಾ ಇಲ್ವಾ?"

ಇದೇ ಪ್ರಶ್ನೆಯನ್ನು ತನ್ನ ತರಗತಿಯಲ್ಲಿ ಯಾರಾದರೂ ಕೇಳಲಿ ಎಂದು ಸೊಸೆ ವರ್ಷವಿಡೀ ಕಾಯುತ್ತಾಳೆ. ಅವಳು ಒಂದು ತಟ್ಟೆಯನ್ನು ಆಲೂಗೆಡ್ಡೆಯ ಸುತ್ತ ಹಿಡಿದು ಕೊಂಚ ಓರೆ ಮಾಡಿದಳು. ಚಂದ್ರ ಓಡಾಡುವ ದಾರಿ ಹೀಗೆ ಸ್ವಲ್ಪ ವಾಲಿಕೊಂಡಿದೆ, ಆದ್ದರಿಂದ ಸಾಮಾನ್ಯವಾಗಿ ಹುಣ್ಣಿಮೆಯ ಚಂದ್ರ ನಮ್ಮ ನೆರಳಿನ ಮೇಲಿನಿಂದಲೋ ಕೆಳಗಿನಿಂದಲೋ ಜಾರಿಕೊಂಡು ಹೋಗುತ್ತಾನೆ, ಅವನ ದಾರಿಯೂ ಭೂಮಿ ಸೂರ್ಯನನ್ನು ಸುತ್ತುವ ದಾರಿಯ ಮಟ್ಟವೂ ಸೇರುವ ಜಾಗದಲ್ಲೇ ಹುಣ್ಣಿಮೆ ಬಂದರೆ ಮಾತ್ರ ಸಿಕ್ಕಿಹಾಕಿಕೊಳ್ಳುತ್ತಾನೆ ಎಂದು ವಿವರಿಸಿದಳು.

ಅತ್ತೆಯ ಮುಖ ಅರಳಿತು. "ಓ, ಗುರುತು ತಪ್ಪಿಸಿಕೊಂಡು ನಿಲ್ತಾನೆ ಅನ್ನು! ನಮ್ಮ ನಟರ ಹಾಗೇನೇ. ನೆಲದ ಮೇಲೆ ಪಟ್ಟಿ ಅಂಟಿಸಿ, ಅಪ್ಪಾ ಇಲ್ಲಿ ನಿಂತ್ಕೋ ಅಂದ್ರೆ ಒಂದು ಹೆಜ್ಜೆ ಆ ಕಡೆ, ಒಂದು ಹೆಜ್ಜೆ ಈ ಕಡೆ. ನಾನು ಹಾಕಿದ ಬೆಳಕೆಲ್ಲ ಗೋಡೆ ಪಾಲು. ಅಪರೂಪಕ್ಕೊಂದು ದಿನ ಸರಿಯಾಗಿ ನಿಂತ ಅಂದ್ರೆ ಅವತ್ತು ಜನ ಚಪ್ಪಾಳೆ ಹೊಡೀತಾರೆ."

ಪಠ್ಯಪುಸ್ತಕ ಬರೆಯುವವರಿಗೆ ಈ ಹೆಂಗಸಿನ ವಿಳಾಸ ಕೊಡಬೇಕು ಎಂದು ಸೊಸೆಗೆ ಅನ್ನಿಸಿತು. ಅತ್ತೆಯ ವಿಷಯದಲ್ಲಿ ಅವಳಿಗೆ ದಿನಕ್ಕೊಂದು ಸಲವಾದರೂ ಹೀಗೆ ಏನಾದರೊಂದು ಅನ್ನಿಸುತ್ತಿತ್ತು.

ಮೊದಲ ತಾಲೀಮು ನಡೆದದ್ದು ಒಂದು ಬೆಳಿಗ್ಗೆ. ಆಟ ಶುರುವಾಗುವುದು ಬರಿಯ ಹುಣ್ಣಿಮೆಯಿಂದ. ಸೊಸೆ ವೇದಿಕೆಯ ನಡುವೆ ನಿಂತು ಮಾತಾಡುತ್ತಾಳೆ, ಅವಳ ಮೇಲೆ ಬೆಳದಿಂಗಳು ಬೀಳುತ್ತದೆ. ಮೇಲೆ, ಹಿಂಬದಿಯ ಗಾಜಿನ ಕೋಣೆಯಿಂದ ಅತ್ತೆ ಬೆಳದಿಂಗಳು ಬಿಟ್ಟರು. ಸೊಸೆ ತನ್ನ ಕೈ ನೋಡಿಕೊಂಡಳು, ಗಾಬರಿಯಾಯಿತು. ಕೈ ನೀಲಿ. ಸೀರೆ ನೀಲಿ. ಪಕ್ಕದಲ್ಲಿ ಏಣಿ ಹಿಡಿದು ನಿಂತಿದ್ದವನ ಮುಖ ನೀರಿನಿಂದ ಎತ್ತಿದ ಹೆಣದ ಹಾಗಿತ್ತು.

"ಹೇಗಿದೆ?" ಎಂದು ಅತ್ತೆಯ ದನಿ ಸ್ಪೀಕರಿನಲ್ಲಿ ಕೇಳಿತು. ಆ ದನಿಯಲ್ಲಿ ಅನುಮಾನದ ಸುಳಿವೂ ಇರಲಿಲ್ಲ.

"ಚೆನ್ನಾಗಿದೆ ಅತ್ತೆ" ಎಂದಳು ಸೊಸೆ.

ಕೆಳಗೆ ಮೊದಲ ಸಾಲಿನಲ್ಲಿ ಕೂತಿದ್ದ ಮ್ಯಾನೇಜರು ತಾಲೀಮು ಮುಗಿದ ಮೇಲೆ ಅವಳನ್ನು ಬಾಗಿಲ ಹತ್ತಿರ ನಿಲ್ಲಿಸಿದರು. ಅವರು ಕೆಟ್ಟವರಲ್ಲ, ಕತ್ತಲೆಯಮ್ಮನಿಂದಲೇ ಈ ರಂಗಮಂದಿರಕ್ಕೆ ಹೆಸರು ಬಂದದ್ದು ಎಂದು ಕಂಡಕಂಡವರಿಗೆಲ್ಲ ಹೇಳುತ್ತಿದ್ದವರು.

"ಅಮ್ಮನ ಕಣ್ಣಿಗೆ ಏನೋ ಆಗಿದೆ" ಎಂದರು. "ಇದು ಮೊದಲನೇ ಸಲ ಅಲ್ಲ. ಹೋದ ನಾಟಕದಲ್ಲೂ ಮನೆಯೊಳಗಿನ ದೃಶ್ಯ ಎಲ್ಲ ನೀಲಿ. ಜನ ಏನೋ ಹೊಸ ಶೈಲಿ ಅಂದ್ಕೊಂಡ್ರು, ಬಚಾವಾದ್ವಿ. ಆಡಳಿತದವರು ಬೇರೆಯವರನ್ನ ನೋಡಿ ಅಂತ ಕೂತಿದ್ದಾರೆ. ನಾನು ತಡೆ ಹಿಡಿದಿದ್ದೀನಿ. ಈ ಆಟವೂ ಹೀಗೇ ಆದ್ರೆ ನನ್ನ ಕೈಲಿ ಆಗಲ್ಲ. ನೀವೇ ಹೇಳಿ ಅವರಿಗೆ. ನಿಮ್ಮ ಮಾತು ಕೇಳ್ತಾರೆ."

ಬೆಕ್ಕಿಗೆ ಗಂಟೆ ಕಟ್ಟುವ ಕೆಲಸ ಕೊನೆಗೆ ಸೊಸೆಯ ಕೊರಳಿಗೇ ಬಿತ್ತು. ಅವಳಿಗೆ ಗೊತ್ತಿರಲಿಲ್ಲ ಎಂದೇನೂ ಅಲ್ಲ. ಅತ್ತೆ ಈಚೆಗೆ ಒಗೆದ ಹಾಸಿಗೆ ಬಟ್ಟೆಯನ್ನೇ ಮತ್ತೆ ಒಗೆಯುತ್ತಿದ್ದರು, ಹಳದಿ ಹೋಗುತ್ತಿಲ್ಲ ಎಂದು. ಬಿಳಿ ಬಲ್ಬು ಅಂತ ಹೇಳಿ ಹಳದಿ ಬಲ್ಬು ಕೊಟ್ಟೆ ಎಂದು ಬಲ್ಬಿನ ಅಂಗಡಿಯವನ ಜೊತೆ ಜಗಳ ಕಾದು ಬಂದಿದ್ದರು. ಪಾಪ, ಅವನು ಕೊಟ್ಟದ್ದು ಹಾಲಿನಂಥ ಬಿಳಿ ಬಲ್ಬೇ. ಕಾಮಾಲೆ ಕಣ್ಣಿನವರಿಗೆ ಕಾಣುವುದೆಲ್ಲ ಹಳದಿ ಎಂಬ ಗಾದೆ ಅವಳ ನಾಲಿಗೆಯ ತುದಿಗೆ ಬಂದು ಒಳಗೆ ಹೋಗಿತ್ತು. ಅತ್ತೆಗೆ ಕಾಮಾಲೆಯಲ್ಲ, ಕಣ್ಣಿಗೆ ಪೊರೆ ಬರುತ್ತಿದೆ ಎಂದು ಮನೆಯಲ್ಲಿ ಎಲ್ಲರಿಗೂ ಅಂದಾಜಿತ್ತು. ಒಮ್ಮೆ ಮಗ ಆ ಮಾತೆತ್ತಿ, ನಮ್ಮ ಆಸ್ಪತ್ರೆಯಲ್ಲೇ ತೋರಿಸೋಣ ಎಂದಿದ್ದಕ್ಕೆ ವಾರವಿಡೀ ಅವನ ಜೊತೆ ಮಾತು ಬಿಟ್ಟಿದ್ದರು. "ಈ ಕಣ್ಣಿಂದಲೇ ನಾನು ಮನುಷ್ಯಳಾಗಿದ್ದು. ಇದನ್ನ ಕುಯ್ದು ಬೇರೆ ಗಾಜು ಹಾಕಿಸ್ಕೊಂಡು ಬೇರೆ ಯಾರದೋ ಬಣ್ಣ ನೋಡ್ಲಾ?" ಎಂದಿದ್ದರು. ಅವರ ಭಯ ಅದು, ಸಿಟ್ಟಲ್ಲ. ಅಷ್ಟು ಸೊಸೆಗೆ ಅರ್ಥವಾಗಿತ್ತು. ಅರ್ಥವಾದದ್ದರಿಂದಲೇ ಬಾಯಿ ಕಟ್ಟಿಹೋಗಿತ್ತು. ಬಿಸಿ ತುಪ್ಪ, ನುಂಗಲೂ ಆಗದು, ಉಗುಳಲೂ ಆಗದು.

ಅಷ್ಟರಲ್ಲಿ ಕೆಂಪಿನ ಸಮಸ್ಯೆ ಎದ್ದಿತು. ಪೂರ್ಣ ಗ್ರಹಣದಲ್ಲಿ ಚಂದ್ರ ಕಪ್ಪಾಗುವುದಿಲ್ಲ, ಹಳೆಯ ತಾಮ್ರದ ಪಾತ್ರೆಯ ಬಣ್ಣಕ್ಕೆ ತಿರುಗುತ್ತಾನೆ. ಮೇಜಿನ ಮೇಲಿನ ನಿಂಬೆಹಣ್ಣು ಮಾತ್ರ ಆಲೂಗೆಡ್ಡೆಯ ಹಿಂದೆ ಹೋದರೆ ಕರ್ರಗೆ ಮಾಯ.

"ಪಕ್ಕದಿಂದ ಒಂದು ದೀಪಕ್ಕೆ ಕೆಂಪು ಹಾಳೆ ಹಾಕಿ ಬಿಟ್ರೆ ಆಯ್ತಪ್ಪ" ಎಂದರು ಅತ್ತೆ.

"ಬೇಡ ಅತ್ತೆ, ಅದು ಮೋಸ ಆಗುತ್ತೆ. ಆ ಕೆಂಪು ಬೇರೆ ಕಡೆಯಿಂದ ಬರಲ್ಲ, ಅದೇ ಸೂರ್ಯನಿಂದ ಬರೋದು. ನಮ್ಮ ಭೂಮಿಗೆ ಸುತ್ತ ಗಾಳಿ ಇದೆಯಲ್ಲ, ಬಿಸಿಲು ಅದರ ಅಂಚನ್ನ ಹಾಯ್ದು ಹೋಗುವಾಗ ಒಳಗಡೆಗೆ ಬಾಗುತ್ತೆ, ನೀರಲ್ಲಿಟ್ಟ ಚಮಚ ಬಾಗಿದ ಹಾಗೆ ಕಾಣೋದಿಲ್ವಾ, ಅದೇ ಬೆಳಕಿನ ಗುಣ. ದಾರೀಲಿ ನೀಲಿಯೆಲ್ಲ ಚೆದುರಿಹೋಗಿ ಕೆಂಪು ಮಾತ್ರ ಉಳಿಯುತ್ತೆ. ಸಂಜೆ ಸೂರ್ಯ ಯಾಕೆ ಕೆಂಪಗಿರ್ತಾನೆ? ಅದಕ್ಕೇ ಇದೂ ಕೆಂಪು. ಆ ಹೊತ್ತಲ್ಲಿ ಭೂಮಿಯ ಅಂಚಿನ ಉದ್ದಕ್ಕೂ ಎಲ್ಲೆಲ್ಲಿ ಸೂರ್ಯ ಹುಟ್ತಾ ಇರ್ತಾನೋ, ಎಲ್ಲೆಲ್ಲಿ ಮುಳುಗ್ತಾ ಇರ್ತಾನೋ, ಆ ಬೆಳಕೆಲ್ಲ ಹೋಗಿ ಚಂದ್ರನ ಮೇಲೆ ಬೀಳುತ್ತೆ."

ಅತ್ತೆ ಸೌಟು ಹಿಡಿದುಕೊಂಡು ಹಾಗೇ ನಿಂತುಬಿಟ್ಟರು.

"ಲೋಕದ ಎಲ್ಲ ಬೆಳಗು? ಎಲ್ಲ ಸಂಜೆ? ಒಂದೇ ಸಲ?"

"ಒಂದೇ ಸಲ."

"ನಾನು ಒಂದೊಂದು ಬೆಳಗು ಮಾಡೋಕೂ ಒದ್ದಾಡಿ ಸಾಯ್ತೀನಿ" ಎಂದರು ಅತ್ತೆ ಮೆಲ್ಲಗೆ. ಆಮೇಲೆ ಆ ದಿನವಿಡೀ ಅವರು ಬೇರೆ ಮಾತೇ ಆಡಲಿಲ್ಲ. ಗಾಳಿ ಇರುವ ಒಂದು ಭೂಮಿ ಬೇಕು, ಗಾಳಿ ಇರುವ ಭೂಮಿ ಬೇಕು ಎಂದು ಗೊಣಗುತ್ತ ಪಾತ್ರೆ ತೊಳೆದರು.

ಭಾನುವಾರ ಮಧ್ಯಾಹ್ನ ಅಡುಗೆಮನೆಯ ಕಿಟಕಿಗೆ ಕಂಬಳಿ ಹೊದಿಸಿದರು. ಸೊಸೆ ಶಾಲೆಯಿಂದ ದುಂಡಗಿನ ಗಾಜಿನ ಬೋಗುಣಿ ತಂದಿದ್ದಳು, ಮೀನು ಸಾಕುವಂಥದ್ದು. ಒಳಗೆ ನೀರು. ನೀರಿನ ನಡುವೆ ಒಂದು ಪುಟ್ಟ ಕಂಬದ ಮೇಲೆ, ಕಪ್ಪು ಬಳಿದು ಮರಳು ತುಂಬಿದ ಚೆಂಡು. ಚೆಂಡು ಭೂಮಿ, ನೀರು ಅದರ ಗಾಳಿ. ಈ ಕಡೆ ಟಾರ್ಚು, ಆ ಕಡೆ ಚಂದ್ರನ ಬದಲಿಗೆ ಒಂದು ಬಿಳಿ ತಟ್ಟೆ. ನೀರಿಗೆ ತೊಟ್ಟು ತೊಟ್ಟು ಹಾಲು ಬೆರೆಸಿದರೆ ಅದು ಧೂಳು ತುಂಬಿದ ಗಾಳಿಯ ಕೆಲಸ ಮಾಡುತ್ತದೆ, ಹಾದುಬಂದ ಬೆಳಕು ಕೆಂಪಾಗುತ್ತದೆ ಎಂದು ಸೊಸೆಗೆ ಗೊತ್ತಿತ್ತು. ಗಂಡ ಹಾಲಿನ ಲೋಟ ಹಿಡಿದು, "ಇಷ್ಟು ದಿನ ಅಡುಗೆಮನೆ ನಂದು ಅಂದ್ಕೊಂಡಿದ್ದೆ" ಎನ್ನುತ್ತ ನಿಂತಿದ್ದ.

"ಹಾಕೋದು ನಾನು" ಎಂದರು ಅತ್ತೆ. ಬೆಳಕಿನ ಹದ ನೋಡುವ ಕೆಲಸ ಇನ್ನೊಬ್ಬರ ಕೈಗೆ ಕೊಟ್ಟವರೇ ಅಲ್ಲ.

ಚಮಚದ ತುದಿಯಿಂದ ತೊಟ್ಟು ಬೀಳತೊಡಗಿತು. ನೀರಿನಲ್ಲಿ ಹೊಗೆಯಂತೆ ಹರಡಿತು. ತಟ್ಟೆಯ ಮೇಲಿನ ಬೆಳಕು ಬಿಳಿಯಿಂದ ಕೆನೆಗೆ, ಕೆನೆಯಿಂದ ಕಿತ್ತಳೆಗೆ, ಕಿತ್ತಳೆಯಿಂದ ತಾಮ್ರಕ್ಕೆ ತಿರುಗಿತು. ಎಷ್ಟು ಚೆನ್ನಾಗಿತ್ತೆಂದರೆ ಸೊಸೆ ಮೈಮರೆತು, "ಸಾಕು ಸಾಕು ಅತ್ತೆ, ಬಂತು!" ಎಂದು ಕೂಗಿದಳು.

"ಎಲ್ಲಿ ಬಂತು? ಇನ್ನೂ ಮೊದಲಿದ್ದ ಹಾಗೇ ಇದೆ" ಎಂದು ಅತ್ತೆ ಇನ್ನೊಂದು ತೊಟ್ಟು ಹಾಕಿದರು. ಮತ್ತೊಂದು. ತಟ್ಟೆ ಇಟ್ಟಿಗೆಯ ಬಣ್ಣಕ್ಕೆ ಇಳಿಯಿತು, ಆಮೇಲೆ ಕೆಸರಾಯಿತು. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವನು ಮೆಲ್ಲಗೆ ಲೋಟ ಕೆಳಗಿಟ್ಟ.

ಅತ್ತೆಯ ಕೈ ನಿಂತಿತು. ಅವರು ದಡ್ಡರಲ್ಲ. ಕತ್ತಲಲ್ಲಿ ಕೂತು ನೂರಾರು ಜನರ ಉಸಿರಿನಿಂದಲೇ ಅವರ ಮನಸ್ಸು ಓದಿದವರಿಗೆ ಇಬ್ಬರ ಮೌನ ಓದುವುದು ಕಷ್ಟವೇ?

"ನೀನು ಸಾಕು ಅಂದಾಗ ನಿನಗೆ ಏನು ಕಾಣ್ತಿತ್ತು?"

"ತಾಮ್ರ, ಅತ್ತೆ."

"ಅದಕ್ಕೆ ಮುಂಚೆ? ಹಾಲು ಹಾಕೋಕೆ ಮುಂಚೆ?"

"ಬಿಳಿ."

ಅತ್ತೆ ಇನ್ನೊಂದು ಗಾಜಿನ ಪಾತ್ರೆಗೆ ಬರಿಯ ನೀರು ತುಂಬಿಸಿದರು. ಟಾರ್ಚನ್ನು ತಾವೇ ಹಿಡಿದು ಅದರ ಮೂಲಕ ಬೆಳಕು ಬಿಟ್ಟರು. ತಟ್ಟೆಯ ಮೇಲೆ ಬೆಳ್ಳನೆಯ ಬೆಳಕು ಬಿತ್ತು. ಬಹಳ ಹೊತ್ತು ನೋಡಿದರು. ಆಮೇಲೆ ಬೋಗುಣಿಯಲ್ಲಿದ್ದದ್ದನ್ನು ಚೆಲ್ಲಿ, ಹೊಸ ನೀರಿಗೆ ಸೊಸೆಯ ಕೈಯಿಂದಲೇ ಹಾಲು ಹಾಕಿಸಿ, ಅವಳು ಸಾಕು ಎಂದ ಕಡೆ ನಿಲ್ಲಿಸಿ ಅದನ್ನೂ ನೋಡಿದರು. ಒಂದು ಸಲ ಇದು, ಒಂದು ಸಲ ಅದು.

"ನನಗೆ ಎರಡೂ ಅಣ್ಣ ತಮ್ಮಂದಿರ ಹಾಗಿದೆ" ಎಂದರು ಕೊನೆಗೆ. ಕಣ್ಣು ಮುಟ್ಟಿಕೊಂಡು, "ಹಾಗಾದ್ರೆ ಹಾಲು ಬಿದ್ದಿರೋದು ಬೋಗುಣಿಗೆ ಮಾತ್ರ ಅಲ್ಲ" ಎಂದರು.

ಅತ್ತೆ ಸೊಸೆಯ ಕಡೆ ತಿರುಗಿದರು. "ಮೊನ್ನೆ ತಾಲೀಮಿನಲ್ಲಿ ನನ್ನ ಬೆಳದಿಂಗಳು ಹೇಗಿತ್ತು? ನನ್ನ ಮೇಲಾಣೆ, ಸುಳ್ಳು ಹೇಳ್ಬೇಡ."

ತಾನು ಇಷ್ಟು ಮೆಚ್ಚಿಕೊಂಡ ಮನುಷ್ಯರಿಗೆ ಇಂಥ ಮಾತು ಹೇಳುವ ದಿನ ಬರುತ್ತದೆಂದು ಸೊಸೆ ಅಂದುಕೊಂಡಿರಲಿಲ್ಲ. "ನೀಲಿ ಅತ್ತೆ" ಎಂದಳು. "ಪೂರಾ ನೀಲಿ. ಏಣಿ ಹಿಡಿದಿದ್ದವನು ಹೆಣದ ಹಾಗೆ ಕಾಣ್ತಿದ್ದ. ನಿಮಗೆ ಬಿಳಿ ಎಲ್ಲ ಹಳದಿಯಾಗಿ ಕಾಣೋದ್ರಿಂದ, ಅದನ್ನ ಸರಿ ಮಾಡೋಕೆ ನೀಲಿ ಸುರೀತಾ ಇದ್ದೀರಿ. ಮ್ಯಾನೇಜರಿಗೂ ಗೊತ್ತು. ಹೀಗೇ ಆದ್ರೆ ಬೇರೆಯವರನ್ನ ತಗೊಳ್ತಾರಂತೆ."

ಅತ್ತೆ ಕಂಬಳಿ ಸರಿಸಿ ಕಿಟಕಿ ತೆಗೆದರು. ಬಿಸಿಲು ಒಳಗೆ ಬಂತು. ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು, ಊಟಕ್ಕೆ ಕರೆದರೆ ಹಸಿವಿಲ್ಲ ಎಂದರು. ಸೊಸೆ ಅಡುಗೆಮನೆಯಲ್ಲಿ ಕೂತು ಅತ್ತಳು. "ಹೇಳಬಾರದಿತ್ತು" ಎಂದಳು. ಗಂಡ ಅವಳ ಮುಂದೆ ತಟ್ಟೆ ಇಟ್ಟು, "ನಾನು ಹೇಳಿದಾಗ ವಾರ ಮಾತು ಬಿಟ್ಟಿದ್ರು. ನಿನಗೆ ತಿಂಗಳಾಗಬಹುದು. ಉಣ್ಣು" ಎಂದ.

ತಿಂಗಳಾಗಲಿಲ್ಲ. ಬೆಳಿಗ್ಗೆ ಅವಳು ಎದ್ದು ಬರುವಷ್ಟರಲ್ಲಿ ಅತ್ತೆ ಚಪ್ಪಲಿ ಮೆಟ್ಟಿಕೊಂಡು, ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದರು. "ನಿನ್ನ ಗಂಡನ ಆಸ್ಪತ್ರೇಲಿ ಕಣ್ಣಿನ ಡಾಕ್ಟರು ಎಷ್ಟು ಹೊತ್ತಿಗೆ ಬರ್ತಾರೆ?" ಎಂದು ಕೇಳಿದರು.

ಕಣ್ಣಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಪೊರೆ ಚೆನ್ನಾಗಿ ಬಲಿತಿದೆ, ಒಂದು ಕಣ್ಣು ಈಗ ಮಾಡೋಣ, ಇನ್ನೊಂದು ಸ್ವಲ್ಪ ದಿನ ಬಿಟ್ಟು ಎಂದರು. ಅತ್ತೆ ನೋವಿನ ಬಗ್ಗೆ ಕೇಳಲಿಲ್ಲ. "ಆಮೇಲೆ ಕಾಣೋ ಬಣ್ಣ ನಂದೇನಾ?" ಎಂದು ಕೇಳಿದರು. ಡಾಕ್ಟರು ನಗಲಿಲ್ಲ. ಒಂದು ಕ್ಷಣ ಯೋಚಿಸಿ, "ನಿಮ್ಮದೇ ಅಮ್ಮ. ಈಗ ಕಾಣ್ತಿರೋದು ನಿಮ್ಮದಲ್ಲ" ಎಂದರು. ಆ ಒಂದು ಮಾತಿಗೆ ಸೊಸೆ ಆ ಡಾಕ್ಟರನ್ನು ಜನ್ಮವಿಡೀ ಮರೆಯುವುದಿಲ್ಲ.

ಶಸ್ತ್ರಕ್ರಿಯೆ ಆಗಿ ಹೊರಗೆ ಬಂದ ಅತ್ತೆ ಮೊದಲು ಹೇಳಿದ್ದು ಏನು ಗೊತ್ತೇ? "ಒಳಗೆ ಮೇಲೊಂದು ದೀಪ ಇದೆ ಕಣೇ, ಅದಕ್ಕೆ ನೆರಳೇ ಬೀಳಲ್ಲ! ಡಾಕ್ಟರು ಕೈ ಅಡ್ಡ ಹಿಡಿದ್ರೂ ನೆರಳಿಲ್ಲ! ಯಾರು ಮಾಡಿದ್ದು ಅಂತ ಕೇಳ್ದೆ. ಮಾತಾಡ್ಬೇಡಿ ಅಂದ್ರು."

ಮಾರನೆಯ ದಿನ ಪಟ್ಟಿ ಬಿಚ್ಚಿಸಿಕೊಂಡು ಮನೆಗೆ ಬಂದವರು ಹಗ್ಗದ ಮೇಲೆ ಒಣಗುತ್ತಿದ್ದ ಹಾಸಿಗೆ ಬಟ್ಟೆಯ ಮುಂದೆ ನಿಂತರು. ಹೊಸ ಕಣ್ಣು ಮುಚ್ಚಿ ಹಳೆಯದರಲ್ಲಿ ನೋಡಿದರು, ಹಳೆಯದು ಮುಚ್ಚಿ ಹೊಸದರಲ್ಲಿ ನೋಡಿದರು. "ಇಷ್ಟು ಬೆಳ್ಳಗಿತ್ತಾ? ಅಯ್ಯೋ, ಆ ಬಲ್ಬಿನ ಅಂಗಡಿಯವನಿಗೆ ಏನೆಲ್ಲ ಅಂದುಬಿಟ್ಟೆ!" ಎಂದು ಬಾಯಿಯ ಮೇಲೆ ಕೈಯಿಟ್ಟುಕೊಂಡರು. ಅದೇ ದಿನ ಸಂಜೆ ಹೋಗಿ, ಬೇಡದಿದ್ದರೂ ಅವನಲ್ಲಿ ಎರಡು ಬಲ್ಬು ಕೊಂಡು ಬಂದರು.

ಡಾಕ್ಟರು ಕೆಲಸಕ್ಕೆ ಹೋಗಬಹುದು ಎಂದ ದಿನ ಅತ್ತೆ ಸೊಸೆಯನ್ನು ಕರೆದುಕೊಂಡು ರಂಗಮಂದಿರಕ್ಕೆ ಹೋದರು. ಅವಳನ್ನು ವೇದಿಕೆಯ ಮೇಲೆ ನಿಲ್ಲಿಸಿ, ಗಾಜಿನ ಕೋಣೆಗೆ ಹತ್ತಿ, ಅಂದು ಬಿಟ್ಟಿದ್ದ ಬೆಳದಿಂಗಳನ್ನೇ ಮತ್ತೆ ಬಿಟ್ಟರು. ಸ್ಪೀಕರಿನಲ್ಲಿ ಬಹಳ ಹೊತ್ತು ದನಿಯೇ ಇಲ್ಲ. ಸೊಸೆ ಮೆಟ್ಟಿಲು ಹತ್ತಿ ಹೋದಳು. ಅತ್ತೆ ಕುರ್ಚಿಯಲ್ಲಿ ಕುಗ್ಗಿ ಕೂತಿದ್ದರು.

"ಇದನ್ನ ನೋಡ್ಕೊಂಡು ಎಲ್ಲರೂ ಸುಮ್ಮನಿದ್ರಾ?"

"ಇದ್ವಿ ಅತ್ತೆ."

"ನೀನೂ ಚೆನ್ನಾಗಿದೆ ಅಂದೆ."

"ಅಂದೆ. ನಿಮ್ಮ ಮನಸ್ಸು ನೋಯಿಸೋಕೆ ಇಷ್ಟ ಆಗ್ಲಿಲ್ಲ."

ಅತ್ತೆ ಅವಳ ಕೈ ಹಿಡಿದುಕೊಂಡರು. "ನೀನು ನನ್ನನ್ನ ಮೆಚ್ಕೊಂಡು ಈ ಮನೆಗೆ ಬಂದೆ ಅಂತ ನನಗೆ ಗೊತ್ತು. ನನಗೆ ಅದರ ಹೆಮ್ಮೆ ಇದೆ. ಆದ್ರೆ ನನ್ನ ಕೆಲಸ ಕೆಟ್ಟಾಗ ನೀನು ಚೆನ್ನಾಗಿದೆ ಅಂದ್ರೆ, ಚೆನ್ನಾಗಿ ಮಾಡಿದಾಗ ಹೇಳಿದ್ದಕ್ಕೆ ಏನು ಬೆಲೆ ಬಂತು? ಇನ್ಮೇಲೆ ನನಗೆ ಸುಳ್ಳು ಹೇಳ್ಬೇಡ ಕಣೇ. ಈ ಕತ್ತಲೆ ಕೋಣೇಲಿ ಕೂತಿರೋಳಿಗೆ ಹೊರಗಿನವರ ಮಾತೇ ಕಣ್ಣು."

ಸೊಸೆ ತಲೆಯಾಡಿಸಿದಳು. ಅತ್ತೆ ಮೂಗೊರೆಸಿಕೊಂಡು, ನೀಲಿ ಹಾಳೆಗಳನ್ನೆಲ್ಲ ಕಿತ್ತು ಮೊದಲಿಂದ ಶುರು ಮಾಡಿದರು.

ಗ್ರಹಣದ ದಿನ ಮಧ್ಯಾಹ್ನ ರಂಗಮಂದಿರದಲ್ಲಿ ಮಕ್ಕಳ ಗಲಾಟೆಯಿಂದ ಕಿವಿ ಕಿತ್ತುಹೋಗುವಂತಿತ್ತು. ಕತ್ತಲೆಯಮ್ಮ ಕತ್ತಲೆ ತಂದರು. ಗಲಾಟೆ ತಾನಾಗಿ ತಗ್ಗಿತು; ಯಾವಾಗ ತಗ್ಗಿತೆಂದು ಮಕ್ಕಳಿಗೂ ಗೊತ್ತಾಗಲಿಲ್ಲ. ಸೊಸೆಯ ಮೇಲೆ ಬೆಳದಿಂಗಳು ಬಿತ್ತು, ನಿಜವಾದ ಬೆಳದಿಂಗಳು. ಅವಳ ಬಿಳಿ ಸೀರೆ ಬಿಳಿಯಾಗಿಯೇ ಇತ್ತು. ಒಂದು ಬದಿಯಲ್ಲಿ ಸೂರ್ಯನ ದೊಡ್ಡ ದೀಪ, ನಡುವೆ ದೊಡ್ಡ ಗಾಜಿನ ಬೋಗುಣಿಯ ಭೂಮಿ, ಓರೆಯಾಗಿ ತೂಗಿದ ಬಳೆಗೆ ಕಟ್ಟಿದ ಬಿಳಿ ಚೆಂಡು ಚಂದ್ರ. ಚಂದ್ರ ಮೊದಲ ಸುತ್ತಿಗೆ ನೆರಳಿನ ಮೇಲಿನಿಂದ ಹಾದುಹೋದ. ಇನ್ನೊಂದು ಸುತ್ತಿಗೆ ಕೆಳಗಿನಿಂದ. ಮಕ್ಕಳು "ಅಯ್ಯೋ" ಎಂದು ಹಲುಬಿದರು. "ಗುರುತಿನ ಮೇಲೆ ನಿಲ್ತಾ ಇಲ್ಲ" ಎಂದು ಸೊಸೆ ಅತ್ತೆಯ ಮಾತನ್ನೇ ಹೇಳಿದಳು.

ಆಮೇಲಿನ ಸುತ್ತಿನಲ್ಲಿ ಅಂಚಿಗೆ ನೆರಳು ತಾಗಿತು. ಆ ನೆರಳಿನ ಅಂಚು ದುಂಡಗಿತ್ತು. "ಯಾರ ನೆರಳು ಅದು?" ಎಂದು ಕೇಳಿದಳು. "ನಮ್ಮದು!" ಎಂದು ಇಡೀ ಸಭೆ ಕೂಗಿತು. "ನಾವು ದುಂಡಗಿದ್ದೀವಿ ಅನ್ನೋಕೆ ಬೇರೆ ಸಾಕ್ಷಿ ಬೇಕಾ?" ನೆರಳು ಏರಿತು, ಬಿಳಿ ಕಿರಿದಾಯಿತು, ಉಗುರಿನಷ್ಟಾಯಿತು, ಹೋಯಿತು. ಕ್ಷಣಕಾಲ ಏನೂ ಇಲ್ಲ. ಮತ್ತೆ, ಕಣ್ಣು ಹೊಂದಿಕೊಳ್ಳುತ್ತಿದ್ದಂತೆ, ಕತ್ತಲೆಯ ಒಳಗಿನಿಂದ ತಾಮ್ರದ ಚೆಂಡೊಂದು ಎದ್ದು ನಿಂತಿತು. ಹಾಲು ಬೆರೆತ ನೀರಿನ ಅಂಚಿನಿಂದ ಬಾಗಿ ಬಂದ ಬೆಳಕು. ಸುತ್ತ ಅಷ್ಟೊಂದು ಮಕ್ಕಳಿದ್ದರೂ ಒಂದು ಸದ್ದಿಲ್ಲ. ಸೊಸೆಗೆ ಹೇಳಬೇಕಾಗಿದ್ದ ಮಾತು ಮರೆತೇಹೋಯಿತು. ಮರೆತದ್ದೇ ಒಳ್ಳೆಯದಾಯಿತು. ಮೊದಲ ಸಾಲಿನಲ್ಲಿ ಮ್ಯಾನೇಜರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು.

ಸಂಜೆ ಮಹಡಿಯ ಮೇಲೆ ಜನವೋ ಜನ. ಪಶ್ಚಿಮಕ್ಕೆ ನೀರಿನ ಟ್ಯಾಂಕಿನ ಹಿಂದೆ ಸೂರ್ಯ ಮುಳುಗಿದ್ದ. ಎಲ್ಲರೂ ಪೂರ್ವಕ್ಕೆ ತಿರುಗಿ ನಿಂತರು. ಅಲ್ಲಿ ಏನೂ ಇರಲಿಲ್ಲ. ಮಬ್ಬು ಆಕಾಶ, ಕಟ್ಟಡಗಳು, ಅಷ್ಟೇ. ಮಕ್ಕಳು ಟೀಚರ್ ಎಲ್ಲಿ, ಟೀಚರ್ ಎಲ್ಲಿ ಎಂದು ಸೆರಗು ಜಗ್ಗತೊಡಗಿದರು. ಸೊಸೆ ಗಡಿಯಾರ ನೋಡಿಕೊಂಡಳು. ಹುಟ್ಟುವ ಹೊತ್ತು ದಾಟಿತ್ತು, ಮೋಡವೂ ಇರಲಿಲ್ಲ.

"ಏನಮ್ಮ, ಅಸಲಿ ಆಟ ರದ್ದಾಯ್ತಾ?" ಎಂದರು ಮ್ಯಾನೇಜರು.

"ಚಂದ್ರ ಮಬ್ಬಾಗಿದ್ದಾನೆ, ಆಕಾಶದಲ್ಲಿ ಇನ್ನೂ ಬೆಳಕಿದೆ. ಅವನಿಗೆ ಕತ್ತಲೆ ಯಾರು ಮಾಡಿಕೊಡ್ತಾರೆ?" ಎಂದು ಅತ್ತೆ ಮುಂದೆ ಬಂದರು. "ಮೊಬೈಲೆಲ್ಲ ಆರಿಸಿ. ಮಹಡಿ ದೀಪ ತೆಗೀರಿ. ಕೆಳಗಿನ ಬೋರ್ಡಿನ ದೀಪಾನೂ ತೆಗೀರಿ, ಒಂದು ದಿನ ಹೆಸರು ಕಾಣದಿದ್ರೆ ರಂಗಮಂದಿರ ಓಡಿಹೋಗಲ್ಲ." ಒಂದೊಂದಾಗಿ ಎಲ್ಲ ಆರಿದವು. "ಈಗ ಮಾತಾಡ್ಬೇಡಿ. ಕಣ್ಣಿಗೆ ರೂಢಿಯಾಗ್ಲಿ."

ಎಲ್ಲರೂ ಕಾದರು. ಸೊಸೆ ಕಣ್ಣು ಕಿರಿದು ಮಾಡಿ ಹುಡುಕಿದಳು, ಕಾಣಲಿಲ್ಲ. ಆಗ ಅತ್ತೆಯ ಕೈ ಮೇಲೆದ್ದಿತು.

"ಅಲ್ಲಿ. ಆ ಎತ್ತರದ ಕಟ್ಟಡದ ಎಡಕ್ಕೆ, ಸ್ವಲ್ಪ ಮೇಲೆ."

ಅವರ ಬೆರಳಿನ ತುದಿಯಲ್ಲಿ, ಮಬ್ಬಿನ ಒಳಗೆ, ಇದೆಯೋ ಇಲ್ಲವೋ ಎಂಬಷ್ಟು ತೆಳ್ಳಗೆ, ಕೆಂಪನೆಯ ಚಂದ್ರ. ಮೊದಲು ಕಂಡದ್ದು ಅವರಿಗೇ, ಅವರ ಹೊಸ ಕಣ್ಣಿಗೆ. ಆಮೇಲೆ ಸೊಸೆಗೆ, ಆಮೇಲೆ ಒಂದೊಂದು ಮಗುವಿಗೆ. "ಕಂಡ್ತು, ಕಂಡ್ತು" ಎಂಬ ಪಿಸುಮಾತು ಮಹಡಿಯ ತುಂಬ ಹರಡಿತು. ಮ್ಯಾನೇಜರು ಅತ್ತೆಯ ಮುಂದೆ ಬಂದು ನಿಂತರು. ಏನೋ ಹೇಳಹೋಗಿ, "ಮುಂದಿನ ನಾಟಕದ ತಾಲೀಮು ಸೋಮವಾರ ಅಮ್ಮ, ಬೇಗ ಬನ್ನಿ" ಎಂದಷ್ಟೇ ಹೇಳಿದರು.

ಅತ್ತೆ ಹೊಸ ಕಣ್ಣನ್ನು ಅಂಗೈಯಿಂದ ಮುಚ್ಚಿದರು. "ಈ ಹಳೇ ಕಣ್ಣಿಗ್ಯಾಕೋ ಕಾಣ್ತಾನೇ ಇಲ್ಲ. ಮುಂದಿನ ವಾರ ಇದಕ್ಕೂ ಬಿಡುಗಡೆ" ಎಂದರು. ಕೈ ತೆಗೆದು, ಹಿಂದೆ ತಿರುಗಿ ಪಶ್ಚಿಮದಲ್ಲಿ ಉಳಿದಿದ್ದ ಕೆಂಪನ್ನೊಮ್ಮೆ, ಮುಂದೆ ಚಂದ್ರನನ್ನೊಮ್ಮೆ ನೋಡಿದರು. "ಲೋಕದ ಸಂಜೆಯೆಲ್ಲ ಅಲ್ಲಿ ಬಿದ್ದಿದೆ ಅಂದೆಯಲ್ಲ. ಈಗ ಮುಳುಗಿದ ನಮ್ಮ ಸೂರ್ಯಂದೂ ಅಲ್ಲಿದೆಯಾ?"

"ಇದೆ ಅತ್ತೆ. ಅದೂ ಇದೆ."

ಚಂದ್ರ ಮೇಲೇರಿದಂತೆ ಆಕಾಶ ಕಪ್ಪಾಯಿತು, ಅವನ ಬಣ್ಣ ಗಟ್ಟಿಯಾಯಿತು. ಅಂಚಿನಲ್ಲಿ ತಿಳಿ, ನಡುವೆ ಗಾಢ. ಹೇಳಿ ತೀರದಷ್ಟು ಚೆಲುವು ಅದು. ಅತ್ತೆ ತುಸು ಹತ್ತಿರ ಸರಿದು ಸೊಸೆಯ ಕಿವಿಯಲ್ಲಿ ಕೇಳಿದರು: "ಮಧ್ಯಾಹ್ನ ನಾನು ಮಾಡಿದ್ದಕ್ಕೂ ಇದಕ್ಕೂ ಹೇಗೆ?"

ಚೆನ್ನಾಗಿತ್ತು ಎಂಬ ಮಾತು ಅಭ್ಯಾಸಬಲದಿಂದ ಸೊಸೆಯ ತುಟಿಗೆ ಬಂತು. ಅವಳು ಅದನ್ನು ತಡೆದಳು. ಚಂದ್ರನನ್ನು ಇನ್ನೊಮ್ಮೆ ಸರಿಯಾಗಿ ನೋಡಿದಳು.

"ನಿಮ್ಮದು ಸ್ವಲ್ಪ ಹೆಚ್ಚು ಕೆಂಪಾಗಿತ್ತು ಅತ್ತೆ."

ಅತ್ತೆ ಚಂದ್ರನನ್ನೇ ನೋಡುತ್ತಿದ್ದರು. ಅವರ ಮುಖದ ತುಂಬ ನಗು ಹರಡಿತು. "ಹೌದು" ಎಂದರು. "ನನಗೂ ಹಾಗೇ ಅನ್ನಿಸ್ತು. ಒಂದು ತೊಟ್ಟು ಹಾಲು ಹೆಚ್ಚಾಯ್ತು."

ಇಬ್ಬರೂ ಅಲ್ಲಿಯೇ ಗೋಡೆಗೆ ಒರಗಿ ನಿಂತರು. ಕಾಯುತ್ತ ಕಾಯುತ್ತ ಕೊನೆಗೆ ಚಂದ್ರನ ಅಂಚಿನಲ್ಲಿ ಸೂಜಿಯ ಮೊನೆಯಷ್ಟು ಬಿಳಿ ಮೂಡಿತು. "ನಿಧಾನ... ನಿಧಾನ..." ಎನ್ನುತ್ತ ಅತ್ತೆಯ ಹೆಬ್ಬೆರಳು ಗಾಳಿಯಲ್ಲಿ ದೀಪದ ಗುಂಡಿಯನ್ನು ಮೇಲಕ್ಕೆ ಸರಿಸುತ್ತಿತ್ತು, ಮತ್ತು ಬೆಳಕು ಸರಿಯಾಗಿ ಅಷ್ಟೇ ನಿಧಾನವಾಗಿ ಬಂತು.